ಮರುಕಳಿಸುವ ಕಾಮಾಲೆ ಮತ್ತು ರಕ್ತಕಣದ ಪೊರೆ

ಮಗುವಿನ ಕಣ್ಣು ಹಳದಿಯಾದೊಡನೆ ನಮ್ಮ ಮನೆಗಳಲ್ಲಿ ಮೊದಲು ನೆನಪಾಗುವುದು ನೆಲನೆಲ್ಲಿ. ಯಕೃತ್ತಿನ ಸೋಂಕಿನಿಂದ ಬಂದ ಕಾಮಾಲೆಯು ವಿಶ್ರಾಂತಿ ಮತ್ತು ಪಥ್ಯಗಳಿಂದ ಕೆಲವು ವಾರಗಳಲ್ಲಿ ಇಳಿಯುವುದೇ ಹೆಚ್ಚು. ಆದರೆ ಅದೇ ಮಗುವಿಗೆ ಕಾಮಾಲೆಯು ಮತ್ತೆ ಮತ್ತೆ ಮರುಕಳಿಸಿದರೆ ದೋಷವು ಯಕೃತ್ತಿನಲ್ಲಿಯೇ ಇರಬೇಕೆಂದಿಲ್ಲ. ವೃತ್ತಿಯ ಆರಂಭದಲ್ಲಿ ಇಂತಹ ಒಬ್ಬ ಬಾಲಕನಿಗೆ ನಾವು ಎರಡು ವರ್ಷ ಯಕೃತ್ತಿನ ಔಷಧಿಯನ್ನೇ ಕೊಟ್ಟೆವು. ಹಳದಿ ಇಳಿಯುತ್ತಿತ್ತು, ಮತ್ತೆ ಏರುತ್ತಿತ್ತು. ಅವನ ತಂದೆಗೆ ಚಿಕ್ಕ ವಯಸ್ಸಿನಲ್ಲಿಯೇ ಪಿತ್ತಕೋಶದ ಕಲ್ಲಿನ ಶಸ್ತ್ರಚಿಕಿತ್ಸೆಯಾಗಿತ್ತು. ನಾವು ಅದನ್ನು ಕೇಳಿಯೇ ಇರಲಿಲ್ಲ. ಕೊನೆಗೆ ರಕ್ತಪರೀಕ್ಷೆ ಮಾಡಿಸಿದಾಗ ರೋಗದ ಮೂಲವು ಕೆಂಪು ರಕ್ತಕಣದ ಪೊರೆಯಲ್ಲಿದೆಯೆಂದು ತಿಳಿಯಿತು.

ಪೊರೆಯ ರಚನೆ

ಜೀವಕೋಶದ ಪೊರೆಯು ಮುಖ್ಯವಾಗಿ ಎರಡು ದ್ರವ್ಯಗಳಿಂದಾಗಿದೆ. ಒಂದು ಲಿಪಿಡ್ ಎಂಬ ಸ್ನೇಹದ್ರವ್ಯ, ಇನ್ನೊಂದು ಪ್ರೋಟೀನ್. ಲಿಪಿಡ್ ಅಣುವಿನ ತಲೆಯು ನೀರನ್ನು ಬಯಸುತ್ತದೆ, ಬಾಲಗಳು ನೀರನ್ನು ಒಲ್ಲವು. ಆದ್ದರಿಂದ ಈ ಅಣುಗಳು ಬಾಲಗಳನ್ನು ಒಳಗಿರಿಸಿಕೊಂಡು ಎರಡು ಪದರಗಳಾಗಿ ನಿಲ್ಲುತ್ತವೆ. 1925ರಲ್ಲಿ ನೆದರ್ಲೆಂಡ್ಸಿನ ಗೋರ್ಟರ್ ಮತ್ತು ಗ್ರೆಂಡೆಲ್ ಎಂಬ ವಿಜ್ಞಾನಿಗಳು ರಕ್ತಕಣಗಳ ಲಿಪಿಡ್ಡನ್ನು ಬೇರ್ಪಡಿಸಿ ನೀರಿನ ಮೇಲೆ ಹರಡಿ ಅಳೆದರು. ಅದರ ವಿಸ್ತಾರವು ಕಣಗಳ ಮೇಲ್ಮೈಯ ಎರಡರಷ್ಟಿತ್ತು. 1972ರಲ್ಲಿ ಅಮೆರಿಕದ ಸಿಂಗರ್ ಮತ್ತು ನಿಕೋಲ್ಸನ್, ಈ ಪದರವು ದ್ರವದಂತೆ ಚಲಿಸುವುದೆಂದೂ ಪ್ರೋಟೀನುಗಳು ಅದರಲ್ಲಿ ಅಲ್ಲಲ್ಲಿ ನೆಲೆಸಿರುವುವೆಂದೂ ಪ್ರತಿಪಾದಿಸಿದರು.

ಲಿಪಿಡ್ ಪದರಕ್ಕೆ ಸ್ವಂತ ಬಲ ಕಡಿಮೆ. ಕೆಂಪು ರಕ್ತಕಣದಲ್ಲಿ ಅದನ್ನು ಹಿಡಿದಿಡುವುದು ಪ್ರೋಟೀನುಗಳು. 'ಬ್ಯಾಂಡ್ 3' ಎಂಬ ಪ್ರೋಟೀನು ಪದರವನ್ನು ಹಾದು ನಿಂತಿದೆ. ಅದರ ನಡುಭಾಗವೂ ನೀರನ್ನು ಒಲ್ಲದ್ದಾದುದರಿಂದ ಲಿಪಿಡ್ಡಿನ ಬಾಲಗಳು ಅದನ್ನು ಬಿಗಿದಪ್ಪಿರುತ್ತವೆ. ಪೊರೆಯ ಒಳಮೈಯಲ್ಲಿ ಸ್ಪೆಕ್ಟ್ರಿನ್ ಬಲೆಯಂತೆ ಹರಡಿದೆ. ಇವೆರಡನ್ನೂ ಕೂಡಿಸುವ ಗಂಟು ಆಂಕಿರಿನ್.

ನಮ್ಮ ಅಜ್ಜಿಯರು ಹೊಲಿಯುತ್ತಿದ್ದ ಕೌದಿಯನ್ನು ನೆನೆಯಿರಿ. ಒತ್ತಾದ ಹೊಲಿಗೆ ಇರುವವರೆಗೆ ಬಟ್ಟೆ ಸಮನಾಗಿರುತ್ತದೆ. ಹೊಲಿಗೆ ಬಿಟ್ಟಲ್ಲಿ ಉಬ್ಬುತ್ತದೆ. ರಕ್ತಕಣದಲ್ಲಿಯೂ ಹೀಗೆಯೇ. ಈ ಪ್ರೋಟೀನುಗಳಲ್ಲೊಂದು ಹುಟ್ಟಿನಿಂದಲೇ ಕೊರತೆಯಾಗಿದ್ದರೆ, ಆಧಾರ ತಪ್ಪಿದ ಲಿಪಿಡ್ ಸಣ್ಣ ಗುಳ್ಳೆಗಳಾಗಿ ಕಳಚಿ ಹೋಗುತ್ತದೆ.

ಕಣವು ಗುಂಡಾದರೆ

ಆರೋಗ್ಯವಂತ ಕಣದ ಮೇಲ್ಮೈ ಸುಮಾರು 140 ಚದರ ಮೈಕ್ರಾನ್. ಅದರೊಳಗಿನ ದ್ರವ್ಯವನ್ನು ಗೋಳವಾಗಿ ತುಂಬಿದರೆ 100 ಚದರ ಮೈಕ್ರಾನಿನಷ್ಟು ಪೊರೆ ಸಾಕು. ಈ ಹೆಚ್ಚುವರಿ ಪೊರೆಯಿಂದಲೇ ಕಣವು ಅರ್ಧ ತುಂಬಿದ ಚೀಲದಂತೆ ಮಡಚಿಕೊಂಡು ಇಕ್ಕಟ್ಟಿನಲ್ಲಿ ನುಸುಳುತ್ತದೆ. ಪೊರೆ ಕಳೆದುಕೊಂಡ ಕಣವು ಬಾಯಿವರೆಗೆ ತುಂಬಿದ ಚೀಲದಂತೆ ಗುಂಡಾಗುತ್ತದೆ. ಪ್ಲೀಹದ ಕಿರಿದಾದ ಸೀಳುಗಳಲ್ಲಿ ಅದು ಸಿಕ್ಕಿಕೊಂಡು ನಾಶವಾಗುತ್ತದೆ. 120 ದಿನ ಬಾಳಬೇಕಾದ ಕಣವು ಬಹು ಬೇಗ ಅಳಿಯುತ್ತದೆ. ಅದರಿಂದ ಹೊರಬಿದ್ದ ಬಿಲಿರುಬಿನ್ ಕಣ್ಣನ್ನು ಹಳದಿ ಮಾಡುತ್ತದೆ. ಇದೇ ಹೆರೆಡಿಟರಿ ಸ್ಫೆರೋಸೈಟೋಸಿಸ್, ಅಂದರೆ ಆನುವಂಶಿಕ ಗೋಳಕಣ ರೋಗ.

ಚರಕ ಸಂಹಿತೆಯು ರಕ್ತವಹ ಸ್ರೋತಸ್ಸಿಗೆ ಯಕೃತ್ತಿನೊಡನೆ ಪ್ಲೀಹವನ್ನೂ ಮೂಲವೆಂದು ಹೇಳಿದೆ. ಪಾಂಡುವಿನ ಬೆನ್ನಿಗೆ ಬರುವ ಕಾಮಾಲೆಯನ್ನೂ ವಿವರಿಸಿದೆ. ಹಳದಿಯನ್ನು ಕಂಡಾಗ ಪ್ಲೀಹವನ್ನೂ ಮುಟ್ಟಿ ನೋಡಬೇಕೆಂಬ ಪಾಠವನ್ನು ನಾವು ಗ್ರಂಥದಲ್ಲಿ ಓದಿದ್ದರೂ ಆ ಬಾಲಕನಿಂದಲೇ ಕಲಿತೆವು.

ತಂದೆತಾಯಿಗಳು ಗಮನಿಸಬೇಕಾದುದು

ಕಾಮಾಲೆ ಮರುಕಳಿಸುವುದು, ಮಗು ಬಿಳಿಚಿಕೊಂಡು ಬೇಗ ದಣಿಯುವುದು, ಎಡಪಕ್ಕೆಯ ಕೆಳಗೆ ಪ್ಲೀಹ ಊದಿರುವುದು, ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಪಿತ್ತಕೋಶದ ಕಲ್ಲು ಕಂಡಿರುವುದು: ಇವು ಸೂಚನೆಗಳು. ಸುಮಾರು ಮುಕ್ಕಾಲು ಪಾಲು ಕುಟುಂಬಗಳಲ್ಲಿ ಈ ದೋಷವು ತಂದೆ ಅಥವಾ ತಾಯಿಯಿಂದ ಬಂದಿರುತ್ತದೆ. ಆದ್ದರಿಂದ ಒಡಹುಟ್ಟಿದವರನ್ನೂ ಪರೀಕ್ಷಿಸಬೇಕು. ರಕ್ತದ ಪೂರ್ಣ ಎಣಿಕೆ, ಸೂಕ್ಷ್ಮದರ್ಶಕದಲ್ಲಿ ಕಣಗಳ ಆಕಾರದ ಪರೀಕ್ಷೆ, ರೆಟಿಕ್ಯುಲೋಸೈಟ್ ಎಣಿಕೆ ಮತ್ತು ಬಿಲಿರುಬಿನ್ ಪರೀಕ್ಷೆಗಳಿಂದ ಆರಂಭಿಸಬಹುದು.

ಪೊರೆಯಲ್ಲಿ ಸ್ನೇಹದ್ರವ್ಯ ಕಡಿಮೆಯಾಗಿದೆಯಲ್ಲ, ತುಪ್ಪ ಹೆಚ್ಚು ತಿನ್ನಿಸಿದರೆ ಸಾಲದೆ ಎಂದು ಕೆಲವರು ಕೇಳುವುದುಂಟು. ಸಾಲದು. ಕೊರತೆ ಇರುವುದು ಸ್ನೇಹದಲ್ಲಲ್ಲ, ಅದನ್ನು ಹಿಡಿದಿಡುವ ಹೊಲಿಗೆಯಲ್ಲಿ. ಅದನ್ನು ತುಪ್ಪವಾಗಲಿ ನೆಲನೆಲ್ಲಿಯಾಗಲಿ ಸರಿಪಡಿಸಲಾರವು. ರೋಗ ಸೌಮ್ಯವಾಗಿದ್ದರೆ ನಿಯಮಿತ ತಪಾಸಣೆಯೇ ಸಾಕಾಗಬಹುದು. ಕೆಲವರಿಗೆ ಫೋಲಿಕ್ ಆಮ್ಲ ಬೇಕಾಗುತ್ತದೆ. ತೀವ್ರವಾಗಿದ್ದರೆ ಪ್ಲೀಹವನ್ನು ತೆಗೆಯುವ ಶಸ್ತ್ರಚಿಕಿತ್ಸೆಯನ್ನು, ಸಾಧ್ಯವಾದಮಟ್ಟಿಗೆ ಆರು ವರ್ಷ ಕಳೆದ ಮೇಲೆ, ಅಗತ್ಯ ಲಸಿಕೆಗಳನ್ನು ಮೊದಲೇ ಹಾಕಿಸಿ ಮಾಡುತ್ತಾರೆ. ಪ್ಲೀಹ ತೆಗೆದವರಿಗೆ ಜ್ವರ ಬಂದರೆ ಒಂದು ದಿನವೂ ಕಾಯಬಾರದು. ಈ ರೋಗವಿರುವ ಮಗು ಜ್ವರದೊಡನೆ ಹಠಾತ್ತನೆ ಬಿಳಿಚಿಕೊಂಡರೂ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ನಮ್ಮ ಆ ಬಾಲಕನಿಗೆ ಶಸ್ತ್ರಚಿಕಿತ್ಸೆಯಾಯಿತು. ಅವನ ಕಣಗಳು ಇಂದಿಗೂ ಗುಂಡಾಗಿಯೇ ಇವೆ. ಆದರೆ ಅವನ್ನು ತಡೆದು ನಾಶಮಾಡುವ ಪ್ಲೀಹವಿಲ್ಲದ ಕಾರಣ ಕಣ್ಣು ತಿಳಿಯಾಗಿದೆ. ಎರಡನೆಯ ಸಲ ಮಗುವಿನ ಕಣ್ಣು ಹಳದಿಯಾದಾಗ ಮೊದಲು ರಕ್ತವನ್ನು ಪರೀಕ್ಷಿಸಿರಿ, ಔಷಧಿಯ ಮಾತು ಆಮೇಲೆ ಎಂಬುದೇ ನಮ್ಮ ವಿನಂತಿ.