ಮೊದಲು ಅನುಮತಿ, ಆಮೇಲೆ ಪರೀಕ್ಷೆ: ಸೈಬರ್ ಭದ್ರತಾ ಕಂಪನಿ ಕಟ್ಟುವವರಿಗೆ ಕಾನೂನು

ಹ್ಯಾಕರ್ ಬಳಸುವ ಸಾಧನಗಳನ್ನೇ ಭದ್ರತಾ ತಜ್ಞರೂ ಬಳಸುತ್ತಾರೆ. ಕಾನೂನಿನ ಕಣ್ಣಲ್ಲಿ ಇಬ್ಬರನ್ನೂ ಬೇರೆ ಮಾಡುವುದು ಮಾಲೀಕರ ಅನುಮತಿ. ಕಂಪನಿ ಕಟ್ಟಲು ಹೊರಟ ಯುವಜನರು ಮೊದಲು ಇದನ್ನು ತಿಳಿದಿರಬೇಕು.

ಕಾಯ್ದೆ ಹೇಳುವುದೇನು?

ಅನುಮತಿಯಿಲ್ಲದೆ ಮತ್ತೊಬ್ಬರ ಕಂಪ್ಯೂಟರ್ ಪ್ರವೇಶಿಸಿದರೆ ಅಥವಾ ದತ್ತಾಂಶ ನಕಲು ಮಾಡಿದರೆ, ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಸೆಕ್ಷನ್ 43ರಂತೆ ನೊಂದವರಿಗೆ ಪರಿಹಾರ ಕೊಡಬೇಕು. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ ಸೆಕ್ಷನ್ 66ರಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಸದುದ್ದೇಶ ಜೈಲು ತಪ್ಪಿಸಬಹುದು, ಪರಿಹಾರದ ಹೊಣೆ ತಪ್ಪಿಸದು. ಆಧಾರ್‌ನ ಕೇಂದ್ರ ದತ್ತಾಂಶ ಭಂಡಾರದಂಥ ‘ಸಂರಕ್ಷಿತ ವ್ಯವಸ್ಥೆ’ಗಳ ತಂಟೆಗೆ ಹೋಗಲೇಬೇಡಿ. ಅಲ್ಲಿ ನುಗ್ಗುವ ಪ್ರಯತ್ನಕ್ಕೂ ಸೆಕ್ಷನ್ 70ರಡಿ 10 ವರ್ಷದವರೆಗೆ ಶಿಕ್ಷೆಯುಂಟು.

ಅನುಮತಿ ಪತ್ರದಲ್ಲಿ ಏನಿರಬೇಕು?

ಫೋನಿನಲ್ಲಿ ‘ಒಮ್ಮೆ ನೋಡಿಬಿಡಿ’ ಎಂದರೆ ಸಾಲದು. ಲೆಟರ್‌ಹೆಡ್‌ನಲ್ಲಿ, ಅಧಿಕಾರವುಳ್ಳವರ ಸಹಿಯೊಂದಿಗೆ ಅನುಮತಿ ಪಡೆಯಿರಿ. ಯಾವ ವೆಬ್‌ಸೈಟ್, ಯಾವ ಐಪಿ ವಿಳಾಸ, ಯಾವ ದಿನದಿಂದ ಯಾವ ದಿನದವರೆಗೆ, ಯಾವ ಪರೀಕ್ಷೆ ಮಾಡಕೂಡದು, ಪರೀಕ್ಷೆ ವೇಳೆ ಕಣ್ಣಿಗೆ ಬಿದ್ದ ಗ್ರಾಹಕರ ಮಾಹಿತಿಯನ್ನು ಹೇಗೆ ಅಳಿಸಬೇಕು ಎಂಬುದೆಲ್ಲ ಅದರಲ್ಲಿರಲಿ. ಪತ್ರದಲ್ಲಿಲ್ಲದ ಸರ್ವರ್ ಮುಟ್ಟಬೇಡಿ.

ಅಕಸ್ಮಾತ್ ಭದ್ರತಾ ಲೋಪ ಕಂಡರೆ?

ಅಲ್ಲಿಗೇ ನಿಲ್ಲಿಸಿ. ‘ಸಾಕ್ಷಿಗಿರಲಿ’ ಎಂದು ಒಂದು ದಾಖಲೆಯನ್ನೂ ಡೌನ್‌ಲೋಡ್ ಮಾಡಬೇಡಿ. ‘ಹಣ ಕೊಟ್ಟರೆ ಹೇಳುತ್ತೇನೆ’ ಎಂಬ ಇಮೇಲ್ ಸುಲಿಗೆಯ ಆರೋಪಕ್ಕೆ ದಾರಿಯಾಗುತ್ತದೆ. ಸಂಸ್ಥೆಗೆ ಅಥವಾ ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನಾ ತಂಡವಾದ ಸರ್ಟ್-ಇನ್‌ಗೆ ಲಿಖಿತವಾಗಿ ತಿಳಿಸಿ.

ದಾಳಿ ನಡೆದಾಗ

ಸರ್ಟ್-ಇನ್‌ನ 2022ರ ನಿರ್ದೇಶನದಂತೆ, ಸೂಚಿತ ಸೈಬರ್ ಘಟನೆಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಲಾಗ್‌ಗಳನ್ನು 180 ದಿನ ಕಾಪಾಡಬೇಕು. ಹಂತ ಹಂತವಾಗಿ ಜಾರಿಯಾಗುತ್ತಿರುವ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರಲ್ಲಿ ಸೂಕ್ತ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಸೋರಿಕೆಯ ವಿಷಯವನ್ನು ದತ್ತಾಂಶ ಸಂರಕ್ಷಣಾ ಮಂಡಳಿಗೂ ಬಾಧಿತರಿಗೂ ತಿಳಿಸದಿದ್ದರೆ 200 ಕೋಟಿವರೆಗೆ.

ನಾಗರಿಕರಿಗೆ ಸಿಗುವುದೇನು?

2023ರ ಕಾಯ್ದೆಯ ದಂಡ ಸರ್ಕಾರದ ಬೊಕ್ಕಸ ಸೇರುತ್ತದೆ, ಮಾಹಿತಿ ಕಳೆದುಕೊಂಡವರ ಕೈಸೇರದು. ಹಾಗಾಗಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಸೆಕ್ಷನ್ 43ರ ಹಕ್ಕನ್ನು ಮರೆಯಬೇಡಿ. 5 ಕೋಟಿ ರೂಪಾಯಿವರೆಗಿನ ಪರಿಹಾರದ ಅರ್ಜಿಯನ್ನು ನ್ಯಾಯನಿರ್ಣಯಾಧಿಕಾರಿಯಾದ ರಾಜ್ಯ ಮಾಹಿತಿ ತಂತ್ರಜ್ಞಾನ ಇಲಾಖೆಯ ಕಾರ್ಯದರ್ಶಿಗೆ ಸಲ್ಲಿಸಬಹುದು. ಹಣವೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ (CEN) ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಸಂದೇಶ, ಸ್ಕ್ರೀನ್‌ಶಾಟ್, ಬ್ಯಾಂಕ್ ವಿವರ ಯಾವುದನ್ನೂ ಅಳಿಸಬೇಡಿ. ಪರಿಹಾರದ ಅರ್ಜಿಗೂ ಆಧಾರ ಅವೇ.