ಕಲ್ಲಿದ್ದಲು ನಿಂತದ್ದೆಲ್ಲಿ?

ವೈಡ್‌ಲ್ಯಾಂಡ್ಸ್ ಆಟದಲ್ಲಿ ಯಾವ ಆಳಿಗೂ ‘ಹೋಗು, ಅದನ್ನು ತಾ’ ಎಂದು ಹೇಳುವ ಹಾಗಿಲ್ಲ. ಎಲ್ಲಿ ಏನು ಕಟ್ಟಬೇಕು, ರಸ್ತೆ ಎಲ್ಲಿ ಹಾಯಬೇಕು ಎಂದಷ್ಟೇ ನಾವು ಗುರುತು ಹಾಕಬಹುದು. ಉಳಿದದ್ದು ಅವರವರ ಪಾಡು. 1996ರ ‘ದಿ ಸೆಟ್ಲರ್ಸ್ 2’ ಆಟದ ಜಾಡು ಹಿಡಿದು ಸ್ವಯಂಸೇವಕರು ಕಟ್ಟುತ್ತಾ ಬಂದು, 2021ರಲ್ಲಿ 1.0 ಆವೃತ್ತಿಗೆ ಮುಟ್ಟಿಸಿದ ಮುಕ್ತ ತಂತ್ರಾಂಶ ಇದು. ಯುದ್ಧವೂ ಉಂಟು. ನನ್ನನ್ನು ಹಿಡಿದು ಕೂರಿಸಿದ್ದು ಮಾತ್ರ ಸರಕು ಸಾಗಣೆ.

ನಾನು ಹೆಚ್ಚಾಗಿ ಆಡುವುದು ಬಾರ್ಬೇರಿಯನ್ ಪಂಗಡದ ಪರವಾಗಿ. ಒಂದು ಸಲ ಹೊಸ ಸೈನಿಕರು ಬರುವುದೇ ನಿಂತುಹೋಯಿತು. ಕೊಡಲಿ ಇಲ್ಲ. ಕೊಡಲಿ ಮಾಡುವವನಿಗೆ ಕಲ್ಲಿದ್ದಲಿಲ್ಲ. ಗಣಿಯಲ್ಲಿ ಕಲ್ಲಿದ್ದಲು ಧಾರಾಳವಿದೆ, ಅಗೆಯುವವರಿಗೆ ಬುತ್ತಿ ಬಂದಿಲ್ಲ. ಬುತ್ತಿ ಕಟ್ಟುವ ಖಾನಾವಳಿಗೆ ಮೀನು ಬಂದಿಲ್ಲ. ಅತ್ತ ದಂಡೆಯಲ್ಲಿ ಬೆಸ್ತ ಹಿಡಿಯುತ್ತಲೇ ಇದ್ದಾನೆ! ಹಿಡಿದ ಮೀನೆಲ್ಲ ಹೆಡ್‌ಕ್ವಾರ್ಟರ್ಸ್ ಮುಂದಿನ ಬಾವುಟದ ಬುಡದಲ್ಲಿ ಮರದ ದಿಮ್ಮಿಗಳ ನಡುವೆ ಸಿಕ್ಕಿಬಿದ್ದಿತ್ತು.

ಎರಡು ಬಾವುಟಗಳ ನಡುವಿನ ರಸ್ತೆಗೆ ಒಬ್ಬ ಹಮಾಲಿ. ಅವನು ಒಂದು ಸಲಕ್ಕೆ ಹೊರುವುದು ಒಂದೇ ಸರಕು. ಬಾವುಟದ ಬುಡದಲ್ಲಿ 8 ಸರಕಿಗಷ್ಟೇ ಜಾಗ. ಅದು ತುಂಬಿದರೆ ಹಿಂದಿನ ಹಮಾಲಿ ಕಾಯಬೇಕು, ಅವನು ಕಾಯುತ್ತಿರುವಾಗ ಅವನ ಹಿಂದಿನ ಬಾವುಟವೂ ತುಂಬಿಕೊಳ್ಳುತ್ತದೆ. ನಾನು ಎಳೆದ ದಾರಿಗಳೆಲ್ಲ ಒಂದೇ ಬಾಗಿಲಿಗೆ ಬಂದು ಸೇರುತ್ತಿದ್ದವು, ಸಂತೆಯ ದಿನ ಗಾಡಿಗಳೆಲ್ಲ ಒಂದೇ ಓಣಿಗೆ ನುಗ್ಗಿದ ಹಾಗೆ. ಬೆಸ್ತನ ಮನೆಯಿಂದ ಖಾನಾವಳಿಗೆ ಹೆಡ್‌ಕ್ವಾರ್ಟರ್ಸ್ ಮುಟ್ಟದ ಬೇರೆ ದಾರಿ ಎಳೆದೆ, ಕೊಡಲಿ ಬಂತು. ಹೊಸ ಗಣಿ ತೋಡಿಸಿದ್ದರೆ ಬುತ್ತಿ ಕೇಳುವ ಬಾಯಿ ಇನ್ನೊಂದು ಹೆಚ್ಚುತ್ತಿತ್ತು. ಉದ್ದ ರಸ್ತೆಗೆ ನಡುನಡುವೆ ಬಾವುಟ ನೆಟ್ಟರೆ ಹಮಾಲಿಗಳು ಹೆಚ್ಚುತ್ತಾರೆ, ಒಬ್ಬೊಬ್ಬನ ನಡಿಗೆ ತಗ್ಗುತ್ತದೆ. ಏರಿನಲ್ಲಿ ಅವರು ನಿಧಾನ. ರಸ್ತೆ ಎಳೆಯುವಾಗಲೇ ಹಸಿರು, ಹಳದಿ, ಕೆಂಪು ಬಣ್ಣಗಳು ಏರನ್ನು ತೋರಿಸುತ್ತವೆ. ತುಸು ಸುತ್ತಾದರೂ ನಾನು ಹಸಿರನ್ನೇ ಹಿಡಿಯುತ್ತೇನೆ.

ಮುಕ್ತ ತಂತ್ರಾಂಶ ಎಂದಮೇಲೆ ಒಳಗೆ ಕೈಹಾಕದೆ ಇರಲಾದೀತೆ? ಪ್ರತಿ ಕಟ್ಟಡದ ದಿನಚರಿ ಲುವಾ ಭಾಷೆಯ ಕಡತದಲ್ಲಿದೆ: ಸಾಮಗ್ರಿ ತೆಗೆದುಕೋ, ಇಷ್ಟು ಸೆಕೆಂಡು ಸುಮ್ಮನಿರು, ಕೆಲಸ ಮಾಡು, ಸರಕು ಹೊರಗಿಡು. 2 ದಿಮ್ಮಿಗೆ 2 ಗಟ್ಟಿಮರ ಮಾಡಿಕೊಡುವ ಕಟ್ಟಡದ ಸುಮ್ಮನಿರುವ ಹೊತ್ತನ್ನು ಅರ್ಧಕ್ಕಿಳಿಸಿ ನೋಡಿದೆ. ಗಟ್ಟಿಮರ ದುಪ್ಪಟ್ಟಾಗಲಿಲ್ಲ; ದಿಮ್ಮಿಗಾಗಿ ಕಾಯುವ ಹೊತ್ತು ಹೆಚ್ಚಾಯಿತು, ಅಷ್ಟೆ. ದಿಮ್ಮಿಗಳನ್ನು ಇದ್ದಿಲ ಗೂಡು ನುಂಗುತ್ತಿತ್ತು, ಒಂದು ಇದ್ದಿಲಿಗೆ 6ರಂತೆ. ಗಿಡ ನೆಡುವವರನ್ನು ಹೆಚ್ಚಿಸಬೇಕಾಯಿತು. ಅದರಲ್ಲೂ ನೆಲದ ತೇವ, ಸಾರ, ಉಷ್ಣತೆ ಹೊಂದದ ಕಡೆ ನೆಟ್ಟ ಸಸಿ ಮರವಾಗುವುದು ಕಷ್ಟ.

ಹೆಚ್ಚಿನವರು ತೆರೆದೂ ನೋಡದ ಒಂದು ಕಿಟಕಿಯಿದೆ. ಯಾವ ಸರಕು ಗೋದಾಮಿನಲ್ಲಿ ಎಷ್ಟಿರಬೇಕೆಂದು ಅಲ್ಲಿ ಗುರಿ ಇಡಬಹುದು. ಅಷ್ಟಾದರೆ ತಯಾರಿಕೆ ತಾನೇ ನಿಲ್ಲುತ್ತದೆ. ನನ್ನ ಮಟ್ಟಿಗೆ ಇಡೀ ಆಟದಲ್ಲಿ ಇದಕ್ಕಿಂತ ಉಪಯೋಗದ ಕಿಟಕಿ ಬೇರಿಲ್ಲ. ಉಪಕರಣಗಳ ಗುರಿ ಹೆಚ್ಚಿಟ್ಟರೆ ಕಮ್ಮಾರ ಬೇಡದ ಮೀನುಗಾಳ, ಬೇಟೆಯ ಈಟಿ ಎಂದು ಇದ್ದ ಕಬ್ಬಿಣವನ್ನೆಲ್ಲ ಮುಗಿಸಿಬಿಡುತ್ತಾನೆ. ಆಮೇಲೆ ಪಿಕಾಸಿಗೆ ಕಬ್ಬಿಣ ಬೇಕು, ಕಬ್ಬಿಣಕ್ಕೆ ಗಣಿಯಾಳು ಬೇಕು, ಗಣಿಯಾಳಿಗೆ ಪಿಕಾಸಿ ಬೇಕು.

ರಸ್ತೆಯಲ್ಲಿ ದಟ್ಟಣೆ ಹೆಚ್ಚಿದರೆ ಹಮಾಲಿಯ ನೆರವಿಗೆ ಎತ್ತು ಬರುತ್ತದೆ. ಎತ್ತು ಸಾಕುವ ಕೊಟ್ಟಿಗೆಗೆ ಗೋಧಿ ಬೇಕು, ನೀರು ಬೇಕು. ಅವೂ ಬರಬೇಕಾದ್ದು ಅದೇ ದಟ್ಟಣೆಯ ರಸ್ತೆಯಲ್ಲಿ. ಹಾಗಾಗಿ ಈಗ ಬಾವಿ, ಹೊಲ, ಕೊಟ್ಟಿಗೆ ಮೂರನ್ನೂ ಅಕ್ಕಪಕ್ಕ ಕಟ್ಟಿಸಿ, ನಡುವೆ ಅವಕ್ಕೇ ಒಂದು ಒಳದಾರಿ ಹಾಕಿಕೊಡುತ್ತೇನೆ. ಊರು ಬೆಳೆಯುವ ಮೊದಲೇ.