ಮೇಣದ ಮೇಲೆ ಬರೆದ ಹಾಡು



ಮೊಬೈಲ್‌ನಲ್ಲಿ ಕೆಂಪು ಗುಂಡಿ ಒತ್ತಿದರೆ ಸಾಕು, ಹಾಡು ದಾಖಲಾಗುತ್ತದೆ. ಆದರೆ ಮೈಕ್ ಇಲ್ಲದೆ, ಹಾಡುವವರ ಧ್ವನಿಯ ಬಲದಿಂದಲೇ ಹಾಡನ್ನು ಹಿಡಿದಿಡುತ್ತಿದ್ದ ಕಾಲವೊಂದಿತ್ತು. ಧ್ವನಿ ಎಂದರೆ ಕಂಪನ ಎಂದು ತರಗತಿಯಲ್ಲಿ ಕಲಿತಿದ್ದೇವೆ. ಆ ಕಂಪನವನ್ನು ಕಣ್ಣಿಗೆ ಕಾಣುವಂತೆ ಬರೆದ ಯಂತ್ರವೇ ಫೋನೋಗ್ರಾಫ್.

ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು?

1877ರಲ್ಲಿ ಥಾಮಸ್ ಎಡಿಸನ್ ಮೊದಲು ಬಳಸಿದ್ದು ತವರದ ತೆಳುಹಾಳೆ. 1880ರ ದಶಕದ ಕೊನೆಯ ಹೊತ್ತಿಗೆ ಮೇಣದ ಸಿಲಿಂಡರ್ ಬಂತು. ಹಾಡುಗಾರರು ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಹಾಡುತ್ತಿದ್ದರು. ಕಹಳೆಯ ಕಿರಿದಾದ ತುದಿಯಲ್ಲಿದ್ದ ತೆಳುವಾದ ಪೊರೆ ಕಂಪಿಸುತ್ತಿತ್ತು. ಪೊರೆಗೆ ಅಂಟಿದ ಚೂಪು ಮೊನೆ ಮೇಲೆ ಕೆಳಗೆ ಆಡುತ್ತಾ, ತಿರುಗುವ ಮೇಣದಲ್ಲಿ ಏರಿಳಿತದ ಗೀರು ಕೊರೆಯುತ್ತಿತ್ತು. ಅದೇ ಗೀರಿನ ಮೇಲೆ ಇನ್ನೊಂದು ಮೊನೆ ಓಡಿಸಿದರೆ ಪೊರೆ ಮತ್ತೆ ಕಂಪಿಸಿ ಹಾಡು ಕೇಳಿಸುತ್ತಿತ್ತು.

ಒಂದು ಲೆಕ್ಕ

ಸಾಮಾನ್ಯ ಸಿಲಿಂಡರ್ ನಿಮಿಷಕ್ಕೆ 160 ಸುತ್ತು ತಿರುಗುತ್ತಿತ್ತು. ಒಂದು ಅಂಗುಲದಲ್ಲಿ 100 ಗೀರುಗಳು. ಎರಡು ನಿಮಿಷಕ್ಕೆ 320 ಸುತ್ತು, ಅಂದರೆ 3.2 ಅಂಗುಲ. ಸಿಲಿಂಡರಿನ ಉದ್ದವೇ ನಾಲ್ಕು ಅಂಗುಲದ ಆಸುಪಾಸು. ಹೀಗಾಗಿ ಎರಡು ನಿಮಿಷಕ್ಕೆ ಹಾಡು ಮುಗಿಯಲೇಬೇಕು!

ಸುತ್ತಳತೆ ಸುಮಾರು 17.5 ಸೆಂ.ಮೀ. ಆದ್ದರಿಂದ ಮೊನೆಯ ಕೆಳಗೆ ಸೆಕೆಂಡಿಗೆ ಸುಮಾರು 47 ಸೆಂ.ಮೀ. ಮೇಣ ಸಾಗುತ್ತದೆ. 440 ಹರ್ಟ್ಜ್ ಸ್ವರದ ಒಂದು ಕಂಪನ ಬರೆಯುವ ಅಲೆಯ ಉದ್ದ ಎಷ್ಟು? 47 ಅನ್ನು 440ರಿಂದ ಭಾಗಿಸಿ: ಸುಮಾರು 1 ಮಿ.ಮೀ.

ನಮ್ಮ ನಾಡಿನ ನಂಟು

ಕೋಲ್ಕತ್ತದಲ್ಲಿ ಹೇಮೇಂದ್ರ ಮೋಹನ ಬೋಸ್ ಅವರು ರವೀಂದ್ರನಾಥ ಠಾಗೋರರ ಧ್ವನಿಯನ್ನೇ ಸಿಲಿಂಡರುಗಳಲ್ಲಿ ದಾಖಲಿಸಿದ್ದರು. ಅವುಗಳಲ್ಲಿ ಬಹುಪಾಲು ಉಳಿಯಲಿಲ್ಲ. ಅದೇ ನಗರದಲ್ಲಿ 1902ರ ನವೆಂಬರಿನಲ್ಲಿ ಗೌಹರ್ ಜಾನ್ ಹಾಡಿದ್ದು ಮೇಣದ ತಟ್ಟೆಯ ಮೇಲೆ. ತಟ್ಟೆಯಾದರೂ ವಿಧಾನ ಅದೇ, ಕಹಳೆ ಮತ್ತು ಮೊನೆ. ಗಂಟೆಗಟ್ಟಲೆ ಹಾಡುವ ರಾಗವನ್ನು ಅವರು ಮೂರು ನಿಮಿಷಕ್ಕೆ ಇಳಿಸಿದರು. ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. ಈ ಗಾಯಕಿ ಕೊನೆಯ ದಿನಗಳನ್ನು ಮೈಸೂರು ಅರಮನೆಯ ಆಶ್ರಯದಲ್ಲಿ ಕಳೆದು, 1930ರ ಜನವರಿ 17ರಂದು ಅಲ್ಲಿಯೇ ತೀರಿಕೊಂಡರು. ಅವರ ಧ್ವನಿ ಇಂದಿಗೂ ಕೇಳಸಿಗುತ್ತದೆ, ಏಕೆಂದರೆ ಆ ತಟ್ಟೆಗಳಿಂದ ಅಚ್ಚು ತೆಗೆದು ಅನೇಕ ಪ್ರತಿಗಳನ್ನು ಮಾಡಿದ್ದರು.

ಮೇಣಕ್ಕೆ ದಕ್ಕದ್ದು

ಕಹಳೆ ಎಲ್ಲ ಧ್ವನಿಯನ್ನೂ ಹಿಡಿಯುತ್ತಿರಲಿಲ್ಲ. ತೀರಾ ತಗ್ಗಿನ ಮತ್ತು ತೀರಾ ಎತ್ತರದ ಆವೃತ್ತಿಗಳು ತಪ್ಪಿಹೋಗುತ್ತಿದ್ದವು. ಹಳೆಯ ದಾಖಲೆಗಳಲ್ಲಿ ಗಾಯನ ಮುಂದೆ, ತಬಲಾ ಎಲ್ಲೋ ಹಿಂದೆ ಕೇಳಿಸುವುದು ಇದರಿಂದಲೇ. ಹಳಿಯಾಳ, ಮುಂಡಗೋಡ, ಜೋಯಿಡಾ ಕಡೆಯ ಸಿದ್ದಿಯರ ಡಮಾಮಿಯನ್ನು ನೆನೆಯಿರಿ. ಎದೆಗೆ ತಟ್ಟುವ ಅದರ ತಗ್ಗು ನಾದ ಮೇಣದಲ್ಲಿ ಹೆಚ್ಚೇನೂ ಉಳಿಯುತ್ತಿರಲಿಲ್ಲ.

ಇನ್ನೊಂದು ಕಷ್ಟವೂ ಇತ್ತು. ಪ್ರತಿ ಸಲ ನುಡಿಸಿದಾಗ ಮೇಣ ಸವೆಯುತ್ತಿತ್ತು, ತೇವಕ್ಕೆ ಬೂಷ್ಟು ಹಿಡಿಯುತ್ತಿತ್ತು. ಹೊಸ ಹಾಡು ಬೇಕಾದರೆ ಹಳೆಯದನ್ನು ಹೆರೆದು ಅದೇ ಸಿಲಿಂಡರಿನಲ್ಲಿ ಮತ್ತೆ ಬರೆಯುತ್ತಿದ್ದರು.

ನಾವೂ ಅದನ್ನೇ ಮಾಡುತ್ತಿದ್ದೇವೆ. ಮದುವೆ ಮನೆಯಲ್ಲಿ ಅಜ್ಜಿ ಹಾಡಿದ ಹಾಡನ್ನು ಮೊಬೈಲ್‌ಗೆ ಇಳಿಸಿಕೊಂಡು, ಜಾಗ ಸಾಲದೆ ಬಂದಾಗ ಅಳಿಸಿಬಿಡುತ್ತೇವೆ. ಹಾಡು ದಾಖಲಾದ ಮಾತ್ರಕ್ಕೆ ಉಳಿದಂತಲ್ಲ. ಹೆಚ್ಚು ಪ್ರತಿಗಳಿದ್ದರೆ, ಯಾರದ್ದು ಎಂಬ ಗುರುತಿದ್ದರೆ ಮಾತ್ರ ಉಳಿದೀತು.

ನೀವು ಮಾಡಿ ನೋಡಿ

1. ಖಾಲಿ ಡಬ್ಬದ ಬಾಯಿಗೆ ಬಲೂನಿನ ರಬ್ಬರನ್ನು ಬಿಗಿದು ಮೇಲೆ ನಾಲ್ಕು ಕಾಳು ಉಪ್ಪು ಉದುರಿಸಿ. ಹತ್ತಿರದಿಂದ ದೊಡ್ಡ ದನಿಯಲ್ಲಿ ಹಾಡಿ. ಉಪ್ಪು ಕುಣಿಯುತ್ತದೆ. ಫೋನೋಗ್ರಾಫಿನ ಪೊರೆ ಅದೇ.

2. 2000 ಹರ್ಟ್ಜ್ ಸ್ವರದ ಅಲೆ ಮೇಣದಲ್ಲಿ ಎಷ್ಟು ಉದ್ದವಿರುತ್ತದೆ? ಲೆಕ್ಕ ಹಾಕಿ.

3. ಈ ರಜೆಯಲ್ಲಿ ಮನೆಯ ಅಥವಾ ಊರಿನ ಹಿರಿಯರೊಬ್ಬರ ಹಾಡನ್ನು ಅವರ ಒಪ್ಪಿಗೆ ಪಡೆದು ದಾಖಲಿಸಿ. ಕೊನೆಗೆ ಗೌಹರ್ ಜಾನ್ ಮಾಡಿದಂತೆ ಅವರ ಹೆಸರನ್ನು ಅವರ ಬಾಯಿಂದಲೇ ಹೇಳಿಸಿ, ಊರು, ತಾರೀಕು ಸೇರಿಸಿ. ಕನಿಷ್ಠ ಎರಡು ಕಡೆ ಪ್ರತಿ ಇಡಿ.